ಕಾಗದ ಮೊದಲು, ಕಾಸು ಆಮೇಲೆ: ಕರ್ನಾಟಕದಲ್ಲಿ ಮನೆ ಕೊಳ್ಳುವವರಿಗೂ ಮಾರುವವರಿಗೂ

ಮನೆ ನೋಡಲು ಹೋದವರು ಬಾಗಿಲು ಯಾವ ದಿಕ್ಕಿಗಿದೆ ಎಂದು ನೋಡುತ್ತಾರೆ, ಸಂಪಿನ ಮುಚ್ಚಳ ತೆಗೆದು ಇಣುಕುತ್ತಾರೆ, ಅಡುಗೆಮನೆಯ ನಲ್ಲಿ ತಿರುಗಿಸುತ್ತಾರೆ. ಕಾಗದ ಕೇಳುವುದು ಅಡ್ವಾನ್ಸ್ ಕೊಟ್ಟ ಮೇಲೆ. ಅಷ್ಟು ಹೊತ್ತಿಗೆ ಒಂದೋ ಎರಡೋ ಲಕ್ಷ ಕೈಬಿಟ್ಟಿರುತ್ತದೆ, ಮನೆಯವರಿಗೆಲ್ಲ ಮನೆ ಹಿಡಿಸಿರುತ್ತದೆ, ವಕೀಲರು ತಕರಾರು ತೆಗೆದರೆ ವಕೀಲರ ಮೇಲೇ ಸಿಟ್ಟು ಬರುತ್ತದೆ. ನಾನು ಒಂದು ಮನೆ ಮಾರಿದ್ದೇನೆ, ಒಂದನ್ನು ಕೊಂಡಿದ್ದೇನೆ. ಆಮೇಲೆ ನೆಂಟರು, ಸ್ನೇಹಿತರು ಫೈಲು ಹಿಡಿದು ಬಂದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಕೆಲಸ ನಡೆಯಬೇಕಾದ ಕ್ರಮದಲ್ಲೇ ಇಲ್ಲಿ ಬರೆದಿದ್ದೇನೆ.

ರಿಜಿಸ್ಟರ್ ಆದರೆ ಮನೆ ನಮ್ಮದಾಯಿತು ತಾನೇ?

ಎಲ್ಲ ಎಡವಟ್ಟೂ ಶುರುವಾಗುವುದು ಈ ನಂಬಿಕೆಯಿಂದ. ನಮ್ಮಲ್ಲಿ ನೋಂದಣಿಯಾಗುವುದು ಪತ್ರ, ಮಾಲೀಕತ್ವವಲ್ಲ. ಇಂಥವರು ಇಂಥವರಿಗೆ ಇಂಥ ದಿನ ಹೀಗೆ ಬರೆದುಕೊಟ್ಟರು ಎಂಬುದನ್ನು ಉಪನೋಂದಣಾಧಿಕಾರಿ ದಾಖಲಿಸುತ್ತಾರೆ. ಬರೆದುಕೊಟ್ಟವರಿಗೆ ಮಾರುವ ಹಕ್ಕು ನಿಜಕ್ಕೂ ಇತ್ತೇ ಎಂದು ತೀರ್ಪು ಕೊಡುವುದು ಅವರ ಕೆಲಸವಲ್ಲ. ಮಾರಿದವರಿಗೆ ಎಷ್ಟು ಹಕ್ಕಿತ್ತೋ ಅಷ್ಟೇ ನಿಮಗೆ ಬರುತ್ತದೆ. ಅವರಿಗೆ ಅರ್ಧ ಪಾಲಿದ್ದರೆ ನಿಮಗೂ ಅರ್ಧ ಪಾಲೇ, ಪೂರ್ತಿ ಮನೆಗೆ ದುಡ್ಡು ಕೊಟ್ಟಿದ್ದರೂ ಸರಿ.

ಹಾಗಂತ ನೋಂದಣಿ ಬಿಡುವಂತಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮಿನ ಪ್ರಕಾರ 100 ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ಬೆಲೆಯ ಸ್ಥಿರಾಸ್ತಿ ಮಾರಾಟವಾಗಬೇಕಾದರೆ ನೋಂದಾಯಿತ ಕ್ರಯಪತ್ರವೇ ಬೇಕು. ಕರಾರು ಪತ್ರ, ಜಿಪಿಎ (ತಮ್ಮ ಪರವಾಗಿ ವ್ಯವಹರಿಸಲು ಇನ್ನೊಬ್ಬರಿಗೆ ಬರೆದುಕೊಡುವ ಅಧಿಕಾರ ಪತ್ರ), ದುಡ್ಡು ಕೊಟ್ಟ ರಸೀದಿ, ಉಯಿಲು ಎಲ್ಲ ಸೇರಿಸಿ ಒಂದು ಕಟ್ಟು ಮಾಡಿಕೊಟ್ಟರೂ ಅದು ಮಾರಾಟವಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಖಚಿತವಾಗಿ ಹೇಳಿದೆ. ಇಷ್ಟಾದರೂ ‘ಜಿಪಿಎ ಮಾಡಿಕೊಡ್ತೀನಿ, ರೇಟು ಕಡಿಮೆ’ ಎನ್ನುವವರು ಈಗಲೂ ಸಿಗುತ್ತಾರೆ. ರೇಟು ಯಾಕೆ ಕಡಿಮೆ ಎಂಬುದಕ್ಕೆ ಉತ್ತರ ಆ ಮಾತಿನಲ್ಲೇ ಇದೆ.

ಮೊದಲು ಯಾವ ಕಾಗದ ಕೇಳಬೇಕು?

ಈಗಿನ ಮಾಲೀಕರ ಕ್ರಯಪತ್ರದಿಂದ ಹಿಡಿದು ಹಿಂದಕ್ಕೆ ಹೋಗಿ. ಇವರಿಗೆ ಯಾರಿಂದ ಬಂತು, ಅವರಿಗೆ ಯಾರಿಂದ, ಅದಕ್ಕೂ ಹಿಂದೆ ಯಾರು. ಹೀಗೆ ಮೂಲಪತ್ರದವರೆಗೆ ಸರಪಳಿ ಕಡಿಯಬಾರದು. ಒಂದು ಕೊಂಡಿ ಕ್ರಯಪತ್ರವಾಗಿರಬಹುದು, ಇನ್ನೊಂದು ವಿಭಾಗ ಪತ್ರ, ಮತ್ತೊಂದು ದಾನಪತ್ರ ಅಥವಾ ಉಯಿಲು. ಪಟ್ಟಣ ಪ್ರಾಧಿಕಾರದ ನಿವೇಶನವಾದರೆ ಹಂಚಿಕೆ ಪತ್ರ, ಸ್ವಾಧೀನ ಪತ್ರ, ಲೀಸ್ ಕಮ್ ಸೇಲ್ ಕರಾರು (ಮೊದಲು ಗುತ್ತಿಗೆ, ಆಮೇಲೆ ಮಾರಾಟ), ಕೊನೆಗೆ ಪ್ರಾಧಿಕಾರವೇ ಬರೆದುಕೊಟ್ಟ ಶುದ್ಧ ಕ್ರಯಪತ್ರ ಇರಬೇಕು.

ಎಷ್ಟು ವರ್ಷ ಹಿಂದಕ್ಕೆ? ವಕೀಲರೂ ಬ್ಯಾಂಕಿನವರೂ ಸಾಮಾನ್ಯವಾಗಿ ಕೇಳುವುದು 30 ವರ್ಷ. ಅದು ಬಾಯಿಗೆ ಬಂದ ಅಂಕಿಯಲ್ಲ. ಅಡಮಾನ ಬಿಡಿಸಿಕೊಳ್ಳುವ ದಾವೆಗೆ ಕಾಲಮಿತಿ ಕಾಯ್ದೆಯಲ್ಲಿ 30 ವರ್ಷ ಅವಕಾಶವಿದೆ, ಸರ್ಕಾರ ಹೂಡುವ ದಾವೆಗೂ ಅಷ್ಟೇ. 12 ವರ್ಷದ ಕಾಗದ ನೋಡಿ ಸಾಕು ಎನ್ನುವವರ ಮಾತು ಕೇಳಬೇಡಿ.

ಜೆರಾಕ್ಸ್ ನೋಡಿ ಒಪ್ಪಬೇಡಿ, ಒರಿಜಿನಲ್ ತೋರಿಸಲು ಹೇಳಿ. ‘ಬೀರುವಿನಲ್ಲಿದೆ, ರಿಜಿಸ್ಟ್ರೇಶನ್ ದಿನ ಕೊಡ್ತೀನಿ’ ಎಂದರೆ ಅದು ಬೀರುವಿನಲ್ಲಿದೆಯೋ ಯಾವುದಾದರೂ ಬ್ಯಾಂಕಿನ ಲಾಕರಿನಲ್ಲಿದೆಯೋ ನಿಮಗೆ ಗೊತ್ತಿಲ್ಲ. ಕಳೆದುಹೋಗಿದೆ ಎಂದರೆ ಪೊಲೀಸ್ ದೂರಿನ ಪ್ರತಿ, ಪತ್ರಿಕೆಯಲ್ಲಿ ಕೊಟ್ಟ ಜಾಹೀರಾತು, ನೋಂದಣಿ ಕಚೇರಿಯ ದೃಢೀಕೃತ ನಕಲು ಮೂರೂ ಬೇಕು.

ಇಸಿ ಓದುವುದು ಹೇಗೆ?

ಋಣಭಾರ ಪತ್ರ ಎಂದರೆ ಯಾರಿಗೂ ತಕ್ಷಣ ಹೊಳೆಯುವುದಿಲ್ಲ, ಇಸಿ ಎಂದರೆ ಎಲ್ಲರಿಗೂ ಗೊತ್ತು. ಆ ಆಸ್ತಿಯ ಮೇಲೆ ನೋಂದಣಿಯಾದ ವ್ಯವಹಾರಗಳ ಪಟ್ಟಿ ಅದು. ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲಿ ಅರ್ಜಿ ಹಾಕಿದರೆ ಸಿಗುತ್ತದೆ. ಆ ಅವಧಿಯಲ್ಲಿ ವ್ಯವಹಾರ ನಡೆದಿದ್ದರೆ ಫಾರಂ 15, ಇಲ್ಲದಿದ್ದರೆ ಫಾರಂ 16. ಆನ್‌ಲೈನಿನಲ್ಲಿ ಸಿಗುವುದು 2004ರ ಏಪ್ರಿಲ್‌ನಿಂದ ಈಚೆಗಿನದು. ಅದಕ್ಕೂ ಹಿಂದಿನದಕ್ಕೆ ಕಚೇರಿಗೆ ಹೋಗಿ ಹಳೆಯ ಪುಸ್ತಕ ಹುಡುಕಿಸಬೇಕು. ಬೇಜಾರಿನ ಕೆಲಸ, ಆದರೆ ತಪ್ಪಿಸಬೇಡಿ.

ಒಂದು ಇಸಿಯನ್ನು ಕೈಯಲ್ಲಿ ಹಿಡಿದು ಓದೋಣ. ಇದು ನಾನು ಉದಾಹರಣೆಗೆ ಕಟ್ಟಿಕೊಂಡದ್ದು. ಮೊದಲ ನಮೂದು 2006, ಕ್ರಯಪತ್ರ, ಬರೆದುಕೊಟ್ಟವರು ‘ಅ’, ಬರೆಸಿಕೊಂಡವರು ‘ಬ’. ಎರಡನೆಯದು 2011, ಹಕ್ಕುಪತ್ರಗಳ ಠೇವಣಿ ಮೂಲಕ ಅಡಮಾನ, ಬರೆದುಕೊಟ್ಟವರು ‘ಬ’, ಬರೆಸಿಕೊಂಡವರು ಒಂದು ಬ್ಯಾಂಕು. ಮೂರನೆಯದು 2019, ಕ್ರಯಪತ್ರ, ‘ಬ’ ಇಂದ ‘ಕ’ಗೆ. ನಿಮಗೆ ಈಗ ಮಾರಲು ಬಂದಿರುವವರು ‘ಕ’. ಹೆಸರುಗಳ ಸರಪಳಿ ಚೆನ್ನಾಗಿಯೇ ಇದೆ. ಆದರೆ 2011ರ ಸಾಲ ಎಲ್ಲಿ ಹೋಯಿತು? ಎರಡಕ್ಕೂ ಮೂರಕ್ಕೂ ನಡುವೆ ಬ್ಯಾಂಕು ಬರೆದುಕೊಟ್ಟ ಬಿಡುಗಡೆಯ ನಮೂದು ಇರಬೇಕಿತ್ತು. ಸಾಲ ತೀರಿಸಿ, ಬಿಡುಗಡೆ ಪತ್ರ ನೋಂದಾಯಿಸಲು ಮರೆತಿರಬಹುದು. ಸಾಲ ಹಾಗೇ ಉಳಿದಿರಲೂಬಹುದು. ಬ್ಯಾಂಕಿನಿಂದ ‘ಬಾಕಿ ಇಲ್ಲ’ ಪತ್ರ ಬರುವ ತನಕ ಒಂದು ಪೈಸೆ ಕೊಡಬೇಡಿ. ಇಸಿಯಲ್ಲಿ ಏನಿದೆ ಎಂಬುದರಷ್ಟೇ ಏನಿರಬೇಕಿತ್ತು, ಇಲ್ಲ ಎಂಬುದನ್ನೂ ಹುಡುಕಬೇಕು.

ಇನ್ನೊಂದು ಎಡವಟ್ಟು ನಂಬರಿನದು. ಇವತ್ತಿನ ಮನೆ ನಂಬರ್ 42 ಆಗಿರಬಹುದು. ಹತ್ತು ವರ್ಷದ ಹಿಂದೆ ಅದೇ ಜಾಗ ಸೈಟ್ ನಂಬರ್ 17, ಅದಕ್ಕೂ ಹಿಂದೆ ಯಾವುದೋ ಸರ್ವೆ ನಂಬರಿನ ಒಂದು ತುಂಡು. ಹೊಸ ನಂಬರ್ ಕೊಟ್ಟು ಹುಡುಕಿದರೆ ಹಳೆಯ ವ್ಯವಹಾರ ಬರುವುದೇ ಇಲ್ಲ, ಫಾರಂ 16 ನೋಡಿ ‘ಕ್ಲೀನ್ ಇದೆ’ ಎಂದು ಹಿಗ್ಗುತ್ತೀರಿ. ಹಳೆಯ ನಂಬರುಗಳನ್ನೂ ಕೊಟ್ಟು ಪ್ರತ್ಯೇಕ ಇಸಿ ತೆಗೆಸಿ. ನಡುವೆ ನೋಂದಣಿ ಕಚೇರಿಯ ವ್ಯಾಪ್ತಿ ಬದಲಾಗಿದ್ದರೆ ಹಳೆಯ ಕಚೇರಿಯಲ್ಲೂ ಹುಡುಕಿಸಬೇಕು.

ನೋಂದಣಿಯಾಗದ್ದು ಇಸಿಯಲ್ಲಿ ಕಾಣುವುದಿಲ್ಲ. ಬಾಯಿಮಾತಿನ ವಿಭಾಗ, ನೋಂದಾಯಿಸದ ಉಯಿಲು, ಕೋರ್ಟಿನಲ್ಲಿರುವ ದಾವೆ, ನೋಂದಾಯಿಸದೆ ಪತ್ರ ಅಡವಿಟ್ಟು ತೆಗೆದ ಸಾಲ ಇವಕ್ಕೆಲ್ಲ ಬೇರೆ ದಾರಿ. ಸಾಲಕ್ಕೆ ಸೆರ್ಸಾಯಿ ಜಾಲತಾಣದಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಬ್ಯಾಂಕುಗಳು ಅಡಮಾನದ ವಿವರ ಅಲ್ಲಿ ದಾಖಲಿಸುತ್ತವೆ. ದಾವೆಗೆ ಕೋರ್ಟುಗಳ ಜಾಲತಾಣ ಇ-ಕೋರ್ಟ್ಸ್‌ನಲ್ಲಿ ಮಾರುವವರ ಹೆಸರು ಹಾಕಿ ನೋಡಿ. ದಾವೆ ನಡೆಯುತ್ತಿರುವ ಆಸ್ತಿ ಕೊಂಡರೆ ಆ ತೀರ್ಪು ನಿಮಗೂ ಅಂಟಿಕೊಳ್ಳುತ್ತದೆ. ಇದು ಅದೇ 1882ರ ಕಾಯ್ದೆಯ 52ನೇ ಕಲಮು.

ಖಾತೆ ಅವರ ಹೆಸರಿಗೇ ಇದೆಯಲ್ಲ?

ಖಾತೆ ಎಂದರೆ ತೆರಿಗೆ ಯಾರಿಂದ ವಸೂಲಿ ಮಾಡಬೇಕು ಎಂದು ಸ್ಥಳೀಯ ಸಂಸ್ಥೆ ಬರೆದಿಟ್ಟುಕೊಂಡ ಲೆಕ್ಕ. ಅದು ಹಕ್ಕುಪತ್ರವಲ್ಲ, ಕೋರ್ಟುಗಳು ಇದನ್ನು ಹೇಳಿ ಹೇಳಿ ಸಾಕಾಗಿದೆ. ಹಾಗಿದ್ದರೂ ಖಾತೆಯಿಲ್ಲದೆ ಕೆಲಸ ಸಾಗುವುದಿಲ್ಲ. ಬೆಂಗಳೂರಿನಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಇಲ್ಲದೆ ನೋಂದಣಿಯೇ ಇಲ್ಲ. ಗ್ರಾಮ ಪಂಚಾಯಿತಿ ವ್ಯಾಪ್ತಿಯಾದರೆ ಇ-ಸ್ವತ್ತಿನ (ಪಂಚಾಯಿತಿ ಆಸ್ತಿಗಳ ಆನ್‌ಲೈನ್ ದಾಖಲೆ) ನಮೂನೆ 9 ಮತ್ತು 11 ಕೇಳುತ್ತಾರೆ. ಬೆಂಗಳೂರಿನ ಬಿ-ಖಾತಾ ಎಂಬುದು ನಿಯಮಕ್ಕೆ ಸರಿಹೊಂದದ ಆಸ್ತಿಗಳಿಂದ ತೆರಿಗೆ ಕಟ್ಟಿಸಿಕೊಳ್ಳಲು ಇಟ್ಟ ಪ್ರತ್ಯೇಕ ವಹಿಯಾಗಿ ಶುರುವಾದದ್ದು. ತೆರಿಗೆ ಕಟ್ಟಿದ ರಸೀದಿಯಿಂದ ಆ ಕೊರತೆ ತುಂಬುವುದಿಲ್ಲ.

ನಾನು ಅಪ್ಪನ ಮನೆ ಮಾರಲು ಹೊರಟಾಗ ಕಲಿತ ಪಾಠ ಇದೇ. ಸೈಟು ತಾತ ದುಡಿದು ಕೊಂಡದ್ದು. ಉಯಿಲು ಬರೆಯದೆ ತೀರಿಕೊಂಡರು, ಖಾತೆ ಅಪ್ಪನ ಹೆಸರಿಗಾಯಿತು, ನಲವತ್ತು ವರ್ಷ ಕಂದಾಯ ಕಟ್ಟಿದ್ದು ಅಪ್ಪ. ನಮ್ಮ ಮನೆ ಎಂದೇ ನಾವೆಲ್ಲ ಬೆಳೆದದ್ದು. ಕೊಳ್ಳುವವರ ವಕೀಲರು ಫೈಲು ತಿರುವಿ ಕೇಳಿದ್ದು ಒಂದೇ ಮಾತು: ‘ನಿಮ್ಮ ತಂದೆಗೆ ಅಕ್ಕತಂಗಿಯರು ಇಲ್ಲವಾ?’ ಇದ್ದರು, ಒಬ್ಬ ಅತ್ತೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲಿ ಉಯಿಲಿಲ್ಲದೆ ಸತ್ತವರ ಸ್ವಯಾರ್ಜಿತ ಆಸ್ತಿಗೆ ಮಗನಷ್ಟೇ ಮಗಳಿಗೂ ಪಾಲು. ಅತ್ತೆಗೆ ಫೋನು ಮಾಡಿ ವಿಷಯ ಹೇಳಿದರೆ ಆಚೆಯಿಂದ ನಗು. ‘ಹಾಗಾದ್ರೆ ಇಷ್ಟ್ ವರ್ಷ ನೀವೆಲ್ಲ ನನ್ ಮನೇಲಿ ಬಾಡಿಗೆ ಕೊಡ್ದೆ ಇದ್ರಾ?’ ಬಂದರು, ಸಹಿ ಹಾಕಿದರು, ಅವರ ಪಾಲಿನ ಹಣ ಅವರ ಖಾತೆಗೆ ಹೋಯಿತು. ನಗುವ ಅತ್ತೆ ಎಲ್ಲರಿಗೂ ಇರುವುದಿಲ್ಲ.

ಹಾಗಾದರೆ ಯಾರ್ಯಾರು ಸಹಿ ಹಾಕಬೇಕು?

ಮೊದಲು ಆಸ್ತಿ ಸ್ವಯಾರ್ಜಿತವೋ ಪಿತ್ರಾರ್ಜಿತವೋ ಗೊತ್ತಾಗಬೇಕು. ಸ್ವಂತ ದುಡ್ಡಿನಲ್ಲಿ ಕೊಂಡು, ಬದುಕಿರುವ ಮಾಲೀಕರು ಮಾರುತ್ತಿದ್ದರೆ ಅವರೊಬ್ಬರ ಸಹಿ ಸಾಕು. ಪಿತ್ರಾರ್ಜಿತವಾದರೆ ವಂಶವೃಕ್ಷ ತರಿಸಿ, ಅದರಲ್ಲಿರುವ ಪ್ರತಿ ಹೆಸರಿಗೂ ಲೆಕ್ಕ ಕೇಳಿ. ಹೆಣ್ಣುಮಕ್ಕಳ ಹೆಸರು ಬಿಟ್ಟ ವಂಶವೃಕ್ಷ ನಾನೇ ಎರಡು ಸಲ ನೋಡಿದ್ದೇನೆ. ಪಕ್ಕದ ಮನೆಯವರನ್ನು ವಿಚಾರಿಸಿದ್ದರಿಂದ ಗೊತ್ತಾಯಿತು. 2005ರ ಸೆಪ್ಟೆಂಬರ್ 9ರಿಂದ ಹೆಣ್ಣುಮಕ್ಕಳೂ ಹುಟ್ಟಿನಿಂದಲೇ ಸಮಪಾಲುದಾರರು. ಆ ದಿನ ತಂದೆ ಬದುಕಿರಬೇಕೆಂದೇನೂ ಇಲ್ಲ ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಗೊಂದಲ ಬಗೆಹರಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ನೋಂದಣಿಯಾದ ವಿಭಾಗ ಪತ್ರವಿದ್ದರೆ ಮಾತು ಬೇರೆ.

ಮದುವೆಯಲ್ಲಿ ಒಡವೆ ಕೊಟ್ಟಿದ್ದೇವೆ, ಪಾಲು ಕೇಳುವುದಿಲ್ಲ ಎಂಬ ಬಾಯಿಮಾತು ಬೇಡ. ಪಾಲು ಬಿಡುವವರು ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿಕೊಡಲಿ, ಇಲ್ಲವೇ ಕ್ರಯಪತ್ರದಲ್ಲೇ ಸೇರಿಕೊಳ್ಳಲಿ. ನಮ್ಮ ಕಡೆ ಅವರನ್ನು ‘ಒಪ್ಪಿಗೆ ಸಾಕ್ಷಿ’ ಎಂದು ಸಹಿ ಹಾಕಿಸುವ ರೂಢಿಯಿದೆ. ನನ್ನ ಅಭಿಪ್ರಾಯ ಕೇಳಿದರೆ, ಪಾಲಿರುವವರು ಮಾರುವವರಾಗಿಯೇ ಬರಲಿ, ಸಾಕ್ಷಿಯಾಗಿ ಅಲ್ಲ.

ಪಾಲುದಾರರಲ್ಲಿ ಅಪ್ರಾಪ್ತ ಮಕ್ಕಳ ಪ್ರತ್ಯೇಕ ಪಾಲಿದ್ದರೆ ಎಚ್ಚರ. ತಂದೆತಾಯಿ ಪೋಷಕರಾಗಿ ಸಹಿ ಹಾಕಿದರೆ ಸಾಲದು, ಕೋರ್ಟಿನ ಪೂರ್ವಾನುಮತಿ ಬೇಕು. ಇಲ್ಲದಿದ್ದರೆ ಆ ಮಗು 18 ದಾಟಿದ ಮೇಲೆ ಮೂರು ವರ್ಷದೊಳಗೆ ಮಾರಾಟವನ್ನೇ ಪ್ರಶ್ನಿಸಬಹುದು. ಜಿಪಿಎ ಹಿಡಿದು ಬಂದವರು ಸಹಿ ಹಾಕುವುದಾದರೆ ಆ ಜಿಪಿಎ ನೋಂದಣಿಯಾಗಿದೆಯೇ, ಮಾರುವ ಅಧಿಕಾರ ಅದರಲ್ಲಿ ಬರೆದಿದೆಯೇ ಎಂದು ನೋಡಿ. ಕೊಟ್ಟವರು ಬದುಕಿದ್ದಾರೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ವಿಡಿಯೊ ಕಾಲ್ ಮಾಡಿ ಮಾತಾಡಿಸಿದರೂ ತಪ್ಪಿಲ್ಲ, ಸಂಕೋಚ ಬೇಡ.

ನೆಲದ ಹುಟ್ಟು ಯಾಕೆ ನೋಡಬೇಕು?

ಇವತ್ತಿನ ಬಡಾವಣೆಯೆಲ್ಲ ಒಂದು ಕಾಲದ ಹೊಲಗದ್ದೆ. ಕೃಷಿ ಜಮೀನಿನಲ್ಲಿ ಮನೆ ಕಟ್ಟಬೇಕಾದರೆ 1964ರ ಭೂಕಂದಾಯ ಕಾಯ್ದೆಯ ಅಡಿಯಲ್ಲಿ ಭೂಪರಿವರ್ತನೆ ಆಗಿರಬೇಕು, ಆಮೇಲೆ ಬಡಾವಣೆ ನಕ್ಷೆಗೆ ಮಂಜೂರಾತಿ ಸಿಕ್ಕಿರಬೇಕು. ಪರಿವರ್ತನೆಯಾಗದ ಹೊಲವನ್ನು ಸುಣ್ಣದ ಗೆರೆ ಎಳೆದು ತುಂಡು ತುಂಡಾಗಿ ಮಾರಿದ್ದೇ ಕಂದಾಯ ನಿವೇಶನ. ಪಹಣಿ, ಮ್ಯುಟೇಶನ್ (ಜಮೀನಿನ ಹೆಸರು ಬದಲಾದ ದಾಖಲೆ), ಪರಿವರ್ತನೆಯ ಆದೇಶ, ಮಂಜೂರಾದ ನಕ್ಷೆ ನಾಲ್ಕನ್ನೂ ಕೇಳಿ. ನಕ್ಷೆಯಲ್ಲಿ ನಿಮ್ಮ ಸೈಟು ಇರುವ ಜಾಗದಲ್ಲಿ ‘ಉದ್ಯಾನ’ ಎಂದು ಬರೆದಿಲ್ಲವೆಂದು ಕಣ್ಣಾರೆ ನೋಡಿಕೊಳ್ಳಿ.

ಇನ್ನೊಂದು, ಎಷ್ಟೋ ಓದಿದವರಿಗೂ ಗೊತ್ತಿಲ್ಲದ್ದು, ಪಿಟಿಸಿಎಲ್ ಕಾಯ್ದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಸರ್ಕಾರದ ಪೂರ್ವಾನುಮತಿಯಿಲ್ಲದೆ ಕೊಂಡರೆ 1978ರ ಈ ಕಾಯ್ದೆಯ ಪ್ರಕಾರ ಆ ಮಾರಾಟ ಅಸಿಂಧು. ನಡುವೆ ನಾಲ್ಕು ಕೈ ಬದಲಾಗಿದ್ದರೂ ಮೂಲ ಮಂಜೂರುದಾರರಿಗೆ, ಅವರ ವಾರಸುದಾರರಿಗೆ ಜಮೀನು ವಾಪಸು ಕೊಡಿಸಲು ಕಾಯ್ದೆಯಲ್ಲಿ ಅವಕಾಶವಿದೆ. ಅರ್ಜಿ ಹಾಕಲು ಕಾಲಮಿತಿ ಅಡ್ಡಬರದಂತೆ 2023ರಲ್ಲಿ ತಿದ್ದುಪಡಿಯೂ ಆಗಿದೆ. ಬಡವರ ಭೂಮಿ ಕೈತಪ್ಪದಿರಲಿ ಎಂದು ಮಾಡಿದ ಕಾನೂನು, ಆಕ್ಷೇಪಿಸುವಂಥದ್ದೇನಿಲ್ಲ. ಮೂಲ ಹುಡುಕದೆ ಕೊಂಡವರು ಮಾತ್ರ ಸಿಕ್ಕಿಬೀಳುತ್ತಾರೆ. ಹಳೆಯ ಪಹಣಿಯಲ್ಲಿ ‘ಸರ್ಕಾರಿ’, ‘ಗೋಮಾಳ’, ‘ಮಂಜೂರು’ ಎಂಬ ಪದ ಕಂಡರೆ ಅಲ್ಲೇ ನಿಂತು, ತಾಲ್ಲೂಕು ಕಚೇರಿಯಿಂದ ಮಂಜೂರಾತಿ ಕಡತದ ನಕಲು ತೆಗೆಸಿ.

ಫ್ಲ್ಯಾಟ್ ಆದರೆ?

ಮೇಲಿನದೆಲ್ಲ ಅನ್ವಯಿಸುತ್ತದೆ, ಜೊತೆಗೆ ಇನ್ನಷ್ಟು. 500 ಚದರ ಮೀಟರಿಗಿಂತ ದೊಡ್ಡ ಜಾಗ ಅಥವಾ 8ಕ್ಕಿಂತ ಹೆಚ್ಚು ಮನೆಗಳಿರುವ ಹೊಸ ಯೋಜನೆ ರೇರಾದಲ್ಲಿ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿಯಾಗಿರಬೇಕು. ಕರಾರು ನೋಂದಣಿಯಾಗುವ ಮೊದಲು ಬಿಲ್ಡರ್ 10 ಪರ್ಸೆಂಟಿಗಿಂತ ಹೆಚ್ಚು ಹಣ ಕೇಳುವಂತಿಲ್ಲ. ಕಟ್ಟಡ ಪೂರ್ತಿಯಾಗಿ ಕಂಪ್ಲೀಷನ್ ಸರ್ಟಿಫಿಕೇಟ್ ಬಂದ ಮೇಲೆ ಕೊಂಡರೆ ಜಿಎಸ್‌ಟಿ ಇಲ್ಲ. ಓಸಿ, ಅಂದರೆ ಕಟ್ಟಡದಲ್ಲಿ ವಾಸ ಮಾಡಬಹುದು ಎಂದು ಸ್ಥಳೀಯ ಸಂಸ್ಥೆ ಕೊಡುವ ಸ್ವಾಧೀನಾನುಭವ ಪತ್ರ, ‘ಇವತ್ತು ನಾಳೆ ಬರುತ್ತೆ’ ಎಂದರೆ ಬರಲಿ, ಆಮೇಲೆ ಮಾತಾಡೋಣ ಎನ್ನಿ. 2024ರ ಡಿಸೆಂಬರ್‌ನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಓಸಿ ಇಲ್ಲದ ಕಟ್ಟಡಕ್ಕೆ ಹೊಸ ಕರೆಂಟ್ ಸಂಪರ್ಕ ಸಿಗುವುದೇ ಕಷ್ಟವಾಗಿದೆ. ಹಳೆಯ ಫ್ಲ್ಯಾಟಾದರೆ ನಿವಾಸಿಗಳ ಸಂಘದಿಂದ ನಿರ್ವಹಣಾ ಶುಲ್ಕ ಬಾಕಿಯಿಲ್ಲವೆಂಬ ಪತ್ರ ತೆಗೆದುಕೊಳ್ಳಿ.

ಬ್ಯಾಂಕು ಸಾಲ ಕೊಟ್ಟಿದೆ, ಇನ್ನು ವಕೀಲರು ಯಾಕೆ?

ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ದುಡ್ಡು ವಾಪಸು ಬರುತ್ತದೆಯೇ ಎಂದು. ಬಿಲ್ಡರ್ ಗೊತ್ತುಮಾಡಿದ ವಕೀಲರು ಬಿಲ್ಡರ್ ಕಡೆಯವರು. ಪತ್ರಬರಹಗಾರರು ಪತ್ರ ಚೆನ್ನಾಗಿ ಬರೆಯುತ್ತಾರೆ, ಹಕ್ಕು ಪರಿಶೀಲಿಸುವುದು ಅವರ ಕಸುಬಲ್ಲ. ನಿಮ್ಮ ಪರವಾಗಿ ಓದುವ ಒಬ್ಬರು ಬೇಕು, ಅಭಿಪ್ರಾಯ ಬರಹದಲ್ಲಿ ಕೊಡಬೇಕು. ಲಕ್ಷಗಟ್ಟಲೆ ಕೊಟ್ಟು ಕೊಳ್ಳುವ ಮನೆಗೆ ಇದೊಂದು ಫೀಸು ಉಳಿಸುವ ಬುದ್ಧಿ ಯಾಕೆ ಬರುತ್ತದೋ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕರಾರು ಪತ್ರದಲ್ಲಿ ಏನಿರಬೇಕು?

ಕಾಗದ ಸರಿಯಿದೆ ಎಂದಾದ ಮೇಲೆ ಅಡ್ವಾನ್ಸು. ಬ್ರೋಕರ್ ಅವಸರಪಡಿಸಿದರೆ ಚಿಕ್ಕ ಮೊತ್ತದ ಟೋಕನ್ ಕೊಟ್ಟು, ‘ಕಾಗದ ಸರಿಯಿಲ್ಲದಿದ್ದರೆ ವಾಪಸು’ ಎಂದು ಬರೆಸಿಕೊಳ್ಳಿ. ಕರಾರಿನಲ್ಲಿ ಒಟ್ಟು ಬೆಲೆ, ಕೊಟ್ಟ ಮುಂಗಡ, ಬಾಕಿ ಕೊಡುವ ದಿನ, ಕ್ರಯಪತ್ರವಾಗಬೇಕಾದ ಕೊನೆಯ ದಿನ, ಮನೆ ಖಾಲಿ ಮಾಡಿಕೊಡುವ ದಿನ ಇರಲಿ. ಕೊಳ್ಳುವವರು ಹಿಂದೆ ಸರಿದರೆ ಏನು, ಮಾರುವವರು ಸರಿದರೆ ಏನು, ಬ್ಯಾಂಕು ಸಾಲ ಕೊಡದಿದ್ದರೆ ಏನು ಎಂಬ ಮೂರನ್ನೂ ಬರೆಸಿ. ಬಾಡಿಗೆದಾರರಿದ್ದರೆ ಅವರನ್ನು ಬಿಡಿಸುವುದು ಯಾರ ಹೊಣೆ ಎಂಬುದೂ ಇರಬೇಕು. ಕಪಾಟು, ಸೋಲಾರ್, ಯುಪಿಎಸ್ ಮನೆ ಜೊತೆ ಬರುತ್ತವೆಯೇ ಎಂದು ಬರೆದುಕೊಳ್ಳುವುದು ಸಣ್ಣತನ ಅನ್ನಿಸಬಹುದು. ಗೃಹಪ್ರವೇಶದ ಹಿಂದಿನ ದಿನ ಗೋಡೆಯ ಮೇಲೆ ಖಾಲಿ ಮೊಳೆ ಕಂಡಾಗ ಹಾಗನ್ನಿಸುವುದಿಲ್ಲ.

ಕರಾರನ್ನು ನೋಂದಾಯಿಸಿದರೆ ಒಳ್ಳೆಯದು. ಇಸಿಯಲ್ಲಿ ಬರುವುದರಿಂದ ಅದೇ ಮನೆಯನ್ನು ಇನ್ನೊಬ್ಬರಿಗೆ ಗುಟ್ಟಾಗಿ ಮಾರುವುದು ಕಷ್ಟ. ಕೊಟ್ಟ ಮಾತು ತಪ್ಪಿದರೆ ಕರಾರಿನಂತೆ ನಡೆಸಿಕೊಡಿ ಎಂದು ದಾವೆ ಹೂಡಲು ಮೂರು ವರ್ಷವಷ್ಟೇ ಅವಕಾಶ ಎಂಬುದೂ ನೆನಪಿರಲಿ.

ನಗದಿನ ಬಗ್ಗೆ: ಆಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನದನ್ನು ನಗದಾಗಿ ತೆಗೆದುಕೊಂಡರೆ ತೆಗೆದುಕೊಂಡವರಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಮುಂಗಡಕ್ಕೂ ಇದೇ ನಿಯಮ.

ಒಟ್ಟು ಎಷ್ಟು ಖರ್ಚು?

ಮಾತಾಡಿದ ಬೆಲೆ ಮತ್ತು ಸರ್ಕಾರ ಆ ಪ್ರದೇಶಕ್ಕೆ ಗೊತ್ತುಮಾಡಿದ ಮಾರ್ಗಸೂಚಿ ಬೆಲೆ ಇವೆರಡರಲ್ಲಿ ಯಾವುದು ಹೆಚ್ಚೋ ಅದರ ಮೇಲೆ ಲೆಕ್ಕ. ನಗರದಲ್ಲಿ 60 ಲಕ್ಷಕ್ಕೆ ಒಂದು ಮನೆ, ಮಾರ್ಗಸೂಚಿ ಬೆಲೆ 52 ಲಕ್ಷ ಎಂದುಕೊಳ್ಳಿ. ಲೆಕ್ಕ 60ರ ಮೇಲೆಯೇ. ಮುದ್ರಾಂಕ ಶುಲ್ಕ 5 ಪರ್ಸೆಂಟ್, 3,00,000. ಆ ಶುಲ್ಕದ ಮೇಲೆ 10 ಪರ್ಸೆಂಟ್ ಸೆಸ್, 30,000. ನಗರದಲ್ಲಿ 2 ಪರ್ಸೆಂಟ್ ಸರ್‌ಚಾರ್ಜ್, 6,000 (ಹಳ್ಳಿಯಾದರೆ 3 ಪರ್ಸೆಂಟ್, 9,000). ನೋಂದಣಿ ಶುಲ್ಕ 1 ಪರ್ಸೆಂಟ್ ಇದ್ದದ್ದು 2025ರ ಆಗಸ್ಟ್ 31ರಿಂದ 2 ಪರ್ಸೆಂಟ್ ಆಗಿದೆ, 1,20,000. ಒಟ್ಟು 4,56,000 ರೂಪಾಯಿ. ಹಳೆಯ ಲೆಕ್ಕ ಹಿಡಿದು ದುಡ್ಡು ಹೊಂದಿಸಿದವರಿಗೆ ಕೊನೆಯ ಗಳಿಗೆಯಲ್ಲಿ 60,000 ಕಡಿಮೆ ಬೀಳುತ್ತದೆ. ಗೃಹಸಾಲ ಸಿಗುವುದು ಮನೆಯ ಬೆಲೆಗೆ, ಈ ಖರ್ಚಿಗಲ್ಲ ಎಂದುಕೊಂಡೇ ಹೊರಡಿ.

ಇದಲ್ಲದೆ ಟಿಡಿಎಸ್. ಬೆಲೆ 50 ಲಕ್ಷ ಅಥವಾ ಹೆಚ್ಚಾದರೆ ಕೊಳ್ಳುವವರು 1 ಪರ್ಸೆಂಟ್ ಹಿಡಿದು ಆದಾಯ ತೆರಿಗೆ ಇಲಾಖೆಗೆ ಕಟ್ಟಬೇಕು. ನಮ್ಮ ಉದಾಹರಣೆಯಲ್ಲಿ 60,000. ಮಾರುವವರ ಕೈಗೆ 59,40,000 ಹೋಗುತ್ತದೆ, ಮಿಕ್ಕದ್ದು ಅವರ ಪ್ಯಾನ್ ಲೆಕ್ಕಕ್ಕೆ ಸೇರುತ್ತದೆ. ಹಿಡಿದ ತಿಂಗಳು ಮುಗಿದ 30 ದಿನದೊಳಗೆ ಕಟ್ಟಬೇಕು. ಮರೆತರೆ ಬಡ್ಡಿ, ದಂಡ ಕೊಳ್ಳುವವರಿಗೇ. ಮಾರುವವರು ವಿದೇಶದಲ್ಲಿ ನೆಲೆಸಿದವರಾದರೆ ದರವೂ ದಾರಿಯೂ ಬೇರೆ, ಆಡಿಟರ್ ಕೇಳದೆ ಮುಂದುವರಿಯಬೇಡಿ.

‘ಪತ್ರದಲ್ಲಿ ಕಡಿಮೆ ತೋರಿಸೋಣ, ಶುಲ್ಕ ಉಳಿಯುತ್ತೆ’ ಎಂಬ ಸಲಹೆ ಖಂಡಿತ ಬರುತ್ತದೆ. ಮಾರ್ಗಸೂಚಿ ಬೆಲೆ ಪತ್ರದ ಬೆಲೆಗಿಂತ 10 ಪರ್ಸೆಂಟಿಗೂ ಮೀರಿ ಹೆಚ್ಚಾದರೆ ಮಾರುವವರ ಲಾಭವನ್ನು ಮಾರ್ಗಸೂಚಿ ಬೆಲೆಯ ಮೇಲೆಯೇ ಎಣಿಸುತ್ತಾರೆ, ಆ ವ್ಯತ್ಯಾಸವನ್ನು ಕೊಳ್ಳುವವರ ಆದಾಯವೆಂದೂ ಎಣಿಸಬಹುದು. ಮುಂದೆ ನೀವು ಮಾರುವಾಗ ನಿಮ್ಮ ಕೊಂಡ ಬೆಲೆ ಕಡಿಮೆ ಕಾಣುವುದರಿಂದ ತೆರಿಗೆ ಹೆಚ್ಚು. ಇವತ್ತು ಉಳಿದದ್ದು ಆವತ್ತು ಬಡ್ಡಿ ಸಮೇತ ಹೋಗುತ್ತದೆ.

ಮಾರುವವರು ಏನು ಸಿದ್ಧ ಮಾಡಿಕೊಳ್ಳಬೇಕು?

ಗಿರಾಕಿ ಬರುವ ಮುಂಚೆಯೇ ಮನೆಯ ಕಾಗದ ಮನೆಗೆ ಬಂದಿರಲಿ. ಸಾಲ ತೀರಿದ್ದರೆ ಒರಿಜಿನಲ್ ಪತ್ರಗಳನ್ನು ಬ್ಯಾಂಕು 30 ದಿನದೊಳಗೆ ಹಿಂದಿರುಗಿಸಬೇಕು. ತಡ ಮಾಡಿದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ ಆದೇಶವಿದೆ, 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಸಾಲ ಇನ್ನೂ ಇದ್ದರೆ ಮಾರಬಾರದೆಂದೇನಿಲ್ಲ. ಬಾಕಿ ಎಷ್ಟೆಂದು ಬ್ಯಾಂಕಿನಿಂದ ಬರೆಸಿ ತನ್ನಿ, ಕೊಳ್ಳುವವರ ಹಣದಲ್ಲಿ ಅಷ್ಟು ನೇರ ಬ್ಯಾಂಕಿಗೆ ಹೋಗಲಿ.

ತಂದೆತಾಯಿಯಿಂದ ಬಂದ ಮನೆಯಾದರೆ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ, ಮೊದಲೇ ಮಾಡಿಸಿ. ಕಂದಾಯ, ನೀರು, ಕರೆಂಟು ಬಾಕಿ ಮಾರಾಟದ ದಿನದವರೆಗೆ ನಿಮ್ಮದೇ ಹೊಣೆ. ಮನೆಯಲ್ಲಿ, ಹಕ್ಕಿನಲ್ಲಿ ನಿಮಗೆ ಗೊತ್ತಿರುವ, ಕೊಳ್ಳುವವರಿಗೆ ಸುಲಭಕ್ಕೆ ಕಾಣದ ದೋಷವಿದ್ದರೆ ಹೇಳಲೇಬೇಕು, ಇದು ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಕಲಮಿನಲ್ಲಿದೆ. ಬ್ರೋಕರ್ ಹೆಸರಿಗೆ ಜಿಪಿಎ ಬರೆದುಕೊಡಬೇಡಿ, ಎಷ್ಟೇ ಪರಿಚಯವಿರಲಿ. ಪೂರ್ತಿ ಹಣ ಬರುವ ಮುಂಚೆ ಬೀಗದ ಕೈ ಕೊಡಬೇಡಿ, ‘ಬರೀ ಬಣ್ಣ ಬಳಿಸ್ತೀವಿ’ ಎಂದರೂ ಕೂಡ.

ತೆರಿಗೆ: 24 ತಿಂಗಳಿಗಿಂತ ಹೆಚ್ಚು ಕಾಲ ನಿಮ್ಮ ಬಳಿಯಿದ್ದ ಮನೆ ಮಾರಿದರೆ ದೀರ್ಘಾವಧಿ ಲಾಭ, 12.5 ಪರ್ಸೆಂಟ್. 2024ರ ಜುಲೈ 23ಕ್ಕೆ ಮುಂಚೆ ಕೊಂಡದ್ದಾದರೆ ದೇಶದಲ್ಲಿ ನೆಲೆಸಿದವರು ಹಳೆಯ ರೀತಿ ಬೆಲೆಯೇರಿಕೆ ಕಳೆದು 20 ಪರ್ಸೆಂಟ್ ಲೆಕ್ಕವನ್ನೂ ಹಾಕಿ ನೋಡಬಹುದು. ಎರಡರಲ್ಲಿ ಕಡಿಮೆ ಬರುವುದನ್ನು ಕಟ್ಟಿದರಾಯಿತು. ಮನೆಗೆ ಮಾಡಿಸಿದ ದೊಡ್ಡ ಕೆಲಸಗಳ ಬಿಲ್ಲು ಇಟ್ಟುಕೊಂಡಿದ್ದರೆ ಈಗ ಉಪಯೋಗಕ್ಕೆ ಬರುತ್ತದೆ.

ನೋಂದಣಿ ದಿನ ಏನಾಗುತ್ತದೆ?

ಅಸಲು ಕೆಲಸ ಹಿಂದೆಯೇ ಮುಗಿದಿರುತ್ತದೆ. ಕರಡನ್ನು ಕಾವೇರಿಯಲ್ಲಿ ಹಾಕಿ, ಕಚೇರಿಯವರು ನೋಡಿ ಒಪ್ಪಿದ ಮೇಲೆ ಶುಲ್ಕ ಆನ್‌ಲೈನಿನಲ್ಲೇ ಕಟ್ಟಿ, ಸಮಯ ಗೊತ್ತುಮಾಡಿಕೊಳ್ಳುತ್ತೀರಿ. ಆವತ್ತು ಎರಡೂ ಕಡೆಯವರು, ಇಬ್ಬರು ಸಾಕ್ಷಿಗಳು, ಒರಿಜಿನಲ್ ಗುರುತಿನ ಚೀಟಿ, ಪ್ಯಾನ್. ಫೋಟೊ, ಹೆಬ್ಬೆಟ್ಟು, ಸಹಿ. ಸಹಿ ಮಾಡಿದ ಪತ್ರವನ್ನು ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕೆಂಬ ನಿಯಮವಿದೆ. ಒಂದೇ ದಿನ ಎರಡೂ ಆಗುವುದರಿಂದ ಯಾರೂ ಅದನ್ನು ನೆನೆಯುವುದಿಲ್ಲ.

ಕರಡು ಅಂತಿಮವಾಗುವ ಮುಂಚೆ ಒಂದು ಕೆಲಸ ಮಾಡಿ. ಷೆಡ್ಯೂಲಿನ ಪುಟ, ಅಂದರೆ ಆಸ್ತಿಯ ಅಳತೆ, ಗಡಿ ಬರೆದ ಪುಟ, ಹಿಡಿದು ಸೈಟಿಗೆ ಹೋಗಿ ನಿಲ್ಲಿ. ಟೇಪು, ಫೋನಿನ ದಿಕ್ಸೂಚಿ ಜೊತೆಗಿರಲಿ. ಪೂರ್ವಕ್ಕೆ ಯಾರ ಸ್ವತ್ತು, ಪಶ್ಚಿಮಕ್ಕೆ ಯಾವ ರಸ್ತೆ ಎಂದು ಚೆಕ್ಕುಬಂದಿಯನ್ನು ಒಂದೊಂದಾಗಿ ಗಟ್ಟಿಯಾಗಿ ಓದಿ ನೋಡಿ. ಅಳತೆಗೂ ಚೆಕ್ಕುಬಂದಿಗೂ ತಾಳೆಯಾಗದಿದ್ದರೆ ಕೋರ್ಟುಗಳು ಸಾಮಾನ್ಯವಾಗಿ ಚೆಕ್ಕುಬಂದಿಯ ಕಡೆಗೇ ವಾಲುತ್ತವೆ.

ನೋಂದಣಿಯಾದ ಮೇಲೆ?

ಒರಿಜಿನಲ್ ಕ್ರಯಪತ್ರ, ಹಿಂದಿನ ಎಲ್ಲ ಪತ್ರ, ಬೀಗದ ಕೈ, ಕೊನೆಯ ತೆರಿಗೆ ರಸೀದಿ ಅದೇ ದಿನ ಪಟ್ಟಿ ಮಾಡಿ ತೆಗೆದುಕೊಳ್ಳಿ. ಖಾತೆ ವರ್ಗಾವಣೆ ತಾನಾಗಿ ಮುಗಿಯಿತೆಂದು ಬಿಡಬೇಡಿ, ಹೊಸ ಖಾತೆಯಲ್ಲಿ ನಿಮ್ಮ ಹೆಸರು ಬರುವ ತನಕ ಬೆನ್ನು ಹತ್ತಿ. ಕರೆಂಟ್ ಮೀಟರ್, ನೀರಿನ ಸಂಪರ್ಕದ ಹೆಸರು ಬದಲಿಸಿ. ಕೆಲವು ದಿನ ಬಿಟ್ಟು ಇನ್ನೊಂದು ಇಸಿ ತೆಗೆಸಿ, ಕೊನೆಯ ಸಾಲಿನಲ್ಲಿ ಬರೆಸಿಕೊಂಡವರ ಜಾಗದಲ್ಲಿ ನಿಮ್ಮ ಹೆಸರು ಸರಿಯಾಗಿ ಬಂದಿದೆಯೇ ನೋಡಿ.

ನಾನು ಕೊಂಡ ಮನೆಯಲ್ಲಿ ತಪ್ಪು ಸಿಕ್ಕಿದ್ದೇ ಹೀಗೆ, ಹೊಸ ಇಸಿ ಓದುವಾಗ. ‘ಪೂರ್ವಕ್ಕೆ ರಸ್ತೆ’ ಎಂದಿತ್ತು, ನಮ್ಮ ಮನೆಯ ರಸ್ತೆ ಇರುವುದು ಪಶ್ಚಿಮಕ್ಕೆ. ಹಿಂದಿನ ಪತ್ರದ ತಪ್ಪನ್ನೇ ಬರೆದವರು ಇಳಿಸಿದ್ದರು, ಅವರು ಇಳಿಸಿದ್ದನ್ನು ನಾನು ಕಣ್ಣಾಡಿಸಿ ಸಹಿ ಮಾಡಿದ್ದೆ. ಸೈಟಿನಲ್ಲಿ ನಿಂತು ಓದಿ ಎಂದು ಈಗ ಎಲ್ಲರಿಗೂ ಹೇಳುವುದು ಅದಕ್ಕೇ. ಸರಿಪಡಿಸಲು ತಿದ್ದುಪಡಿ ಪತ್ರ ಬೇಕು, ಅದಕ್ಕೆ ಮಾರಿದವರೇ ಮತ್ತೆ ಬಂದು ಸಹಿ ಹಾಕಬೇಕು. ನಮ್ಮ ಪುಣ್ಯಕ್ಕೆ ಅವರು ಊರು ಬಿಟ್ಟಿರಲಿಲ್ಲ, ಫೋನ್ ನಂಬರೂ ಬದಲಾಗಿರಲಿಲ್ಲ. ಹಾಗಾಗಿ ಈ ಕೊನೆಯ ಇಸಿಯನ್ನು ಮೊದಲ ತಿಂಗಳಲ್ಲೇ ತೆಗೆಸಿ, ಮಾರಿದವರು ಇನ್ನೂ ನಿಮ್ಮ ಕರೆ ಎತ್ತುತ್ತಿರುವಾಗಲೇ.